ಬರಿಬೆನ್ನಿನ ಕುರಿಗಳು

ಬೆಳಕು ಹರಿಯುತ್ತಲೇ ಸೊಸೆ ಕುರಿಗಳ ಬಾಯಿ ಮೂಸಲು ಹೊರಟಳು. ಒಂದೊಂದರ ಗದ್ದ ಹಿಡಿದು, ಮುಖವನ್ನು ತನ್ನತ್ತ ತಿರುಗಿಸಿಕೊಂಡು, ಅದು ಉಸಿರು ಬಿಡುವ ತನಕ ಕಾದು ಮೂಗನ್ನು ಹತ್ತಿರ ಒಯ್ಯುವಳು. ಅರೆದ ಹುಲ್ಲಿನ ವಾಸನೆ ಬಂದರೆ ಸರಿ, ಬಿಟ್ಟು ಮುಂದಿನದಕ್ಕೆ. ಕುರಿಗಳಿಗೆ ಈ ಹೊಸ ಬಗೆಯ ಮುದ್ದು ಅರ್ಥವಾಗದೆ ಕೊಸರಾಡುತ್ತಿದ್ದವು.

ಕೊಟ್ಟಿಗೆಯ ಅಂಗಳಕ್ಕೆ ತೆರೆಯುವ ಕಿಟಕಿಯಲ್ಲಿ ಅತ್ತೆ ಕೂತಿದ್ದರು. ಸೊಂಟದ ಮೂಳೆ ಮುರಿದ ಮೇಲೆ ಆ ಕಿಟಕಿಯೇ ಅವರ ಹುಲ್ಲುಗಾವಲು, ಅವರ ದಾರಿ, ಅವರ ಕಚೇರಿ. ಊರುಗೋಲಿನಿಂದ ಕಿಟಕಿಯ ಸರಳಿಗೆ ಟಣ್ ಟಣ್ ಎಂದು ಬಡಿದರೆಂದರೆ ಏನೋ ಹೇಳಲಿಕ್ಕಿದೆ ಎಂದು ಅರ್ಥ. ಈಗಲೂ ಬಡಿದರು.

"ಏನೇ, ಅವುಗಳದ್ದೆಲ್ಲ ಆದ ಮೇಲೆ ನನ್ನ ಬಾಯಿನೂ ಒಂದ್ಸಲ ಮೂಸು. ಬೆಳಗಿಂದ ಒಂದು ಲೋಟ ಟೀ ಕಂಡಿಲ್ಲ ಅಂತ ವಾಸನೇಲೇ ಗೊತ್ತಾಗುತ್ತೆ."

"ಬಂದೆ ಅತ್ತೆ."

"ಬಂದೆ ಬಂದೆ ಅಂತ ಎಷ್ಟು ಹೊತ್ತಾಯ್ತು. ಕಾಲಿಗೆ ಚಕ್ರ ಕಟ್ಕೊಂಡಿದ್ದೀಯ ನೀನು. ಒಂದು ಕಡೆ ನಿಲ್ಲು, ಇಲ್ಲಾ ಕೂತ್ಕೋ."

ಸೊಸೆ ನಿಲ್ಲಲಿಲ್ಲ, ಕೂರಲೂ ಇಲ್ಲ. ಆಕೆ ಹುಡುಕುತ್ತಿದ್ದದ್ದು ಉಗುರಿನ ಬಣ್ಣ ಅಳಿಸುವ ದ್ರವದ ವಾಸನೆಯನ್ನು. ಗಬ್ಬದ ಕೊನೆಯ ವಾರಗಳಲ್ಲಿ ಕುರಿಯ ಉಸಿರಿನಲ್ಲಿ ಸಿಹಿಯೂ ಚುರುಕೂ ಬೆರೆತ ಆ ವಾಸನೆ ಬಂತೆಂದರೆ, ಅದು ತಿಂದ ಮೇವು ಸಾಲದೆ ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುತ್ತಿದೆ, ಅದೂ ಯಕೃತ್ತು ತಾಳಲಾರದಷ್ಟು ಜೋರಾಗಿ, ಎಂದು ತಿಳಿಯಬೇಕು. ಎಲ್ಲರ ಮೂಗಿಗೂ ಅದು ದಕ್ಕುವುದಿಲ್ಲ. ಅತ್ತೆಗೆ ದಕ್ಕದು. ಲಾರಿ ಓಡಿಸಿಕೊಂಡು ವಾರಗಟ್ಟಲೆ ಹೊರಗಿರುವ ಗಂಡನಿಗೂ ದಕ್ಕದು. ಸೊಸೆಗೆ ದಕ್ಕುತ್ತದೆ. ಮೊನ್ನೆ ದಕ್ಕಿತ್ತು. ಅದೂ ಯಾರ ಬಾಯಲ್ಲಿ? ಕನ್ನಡಕದ ಬಾಯಲ್ಲಿ.

ಕನ್ನಡಕ ಎಂದರೆ ಹಿಂಡಿನ ಮುಂದಾಳು. ಬಿಳಿ ಮುಖ, ಎರಡೂ ಕಣ್ಣಿನ ಸುತ್ತ ದುಂಡಗೆ ಕಪ್ಪು. ನಿವೃತ್ತ ಹೆಡ್ಮಾಸ್ತರರ ಗತ್ತು. ಗೇಟು ತೆರೆದರೆ ಮೊದಲು ಅದೇ ಹೊರಬೀಳಬೇಕು, ಉಳಿದವು ಅದರ ಬಾಲ ನೋಡಿಕೊಂಡು ನಡೆಯಬೇಕು. ಡಾಂಬರು ರಸ್ತೆ ದಾಟಿ ಆಚೆಯ ಹುಲ್ಲುಗಾವಲಿಗೆ ಹೋಗುವಾಗ ಅದು ರಸ್ತೆಯಂಚಿನಲ್ಲಿ ನಿಂತು ಎರಡೂ ಕಡೆ ನೋಡುತ್ತದೆ ಎಂದು ಅತ್ತೆ ಹೇಳುತ್ತಾರೆ. "ನಮ್ಮ ಡ್ರೈವರುಗಳೇ ನೋಡಲ್ಲ, ಕುರಿ ನೋಡುತ್ತಾ?" ಎಂದು ಮಗ ನಗುತ್ತಾನೆ. ಆದರೂ ಅವನು ಊರಿಗೆ ಬಂದಾಗಲೆಲ್ಲ ಆ ಜಾಗದಲ್ಲಿ ಲಾರಿಯ ವೇಗ ತಗ್ಗಿಸುತ್ತಾನೆ.

ಆ ಹಿಂಡು ಅತ್ತೆಯದು. ಮಾವ ತೀರಿಕೊಂಡ ಮೇಲೆ ಒಬ್ಬರೇ ಸಾಕಿ ಬೆಳೆಸಿದ್ದು. ಸೊಂಟ ಮುರಿದಾಗ, ರಸ್ತೆಯ ತಿರುವಿನಲ್ಲಿರುವ ದೊಡ್ಡ ಫಾರಂನ ಮ್ಯಾನೇಜರು ಹಣ್ಣು ಹಿಡಿದು ನೋಡಲು ಬಂದವನು ಹಿಂಡನ್ನೂ ಕೇಳಿ ಹೋಗಿದ್ದ. ಸೊಸೆ ಆಗ ಪಶು ಆಹಾರದ ಕಾರ್ಖಾನೆಯ ಲ್ಯಾಬಿನಲ್ಲಿದ್ದಳು. ಕಾಲೇಜಿನಲ್ಲಿ ಓದಿದ್ದೂ ಅದನ್ನೇ, ದನಕುರಿಗಳ ಪೋಷಣೆ. "ನಾನು ನೋಡ್ಕೋತೀನಿ ಅತ್ತೆ" ಎಂದು ಕೆಲಸ ಬಿಟ್ಟು ಬಂದಳು.

ಅತ್ತೆ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದರು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಆಯ್ತು. ಈ ಸಲದ ಹೆರಿಗೆಗಳು ನಿನ್ನ ಕೈಲಿ ಆಗ್ಲಿ. ನೆಟ್ಟಗಾದ್ರೆ ಹಿಂಡು ನಿಂದು. ಇಲ್ಲಾಂದ್ರೆ ಅವನಿಗೆ ಹೇಳಿ ಕಳಿಸ್ತೀನಿ. ಆಮೇಲೆ ಅಳಬಾರದು, ನೀನೂ ನಾನೂ." ಮರಿಗಳು ಹುಟ್ಟತೊಡಗಿದ ಮೇಲೆ ಬಂದು ಉತ್ತರ ತೆಗೆದುಕೊಂಡು ಹೋಗು ಎಂದು ಮ್ಯಾನೇಜರಿಗೂ ಹೇಳಿದ್ದರು.

ಸೊಸೆ ತನ್ನ ಕಾಲವನ್ನು ಶಿಸ್ತಾಗಿ ಆರಂಭಿಸಿದ್ದಳು. ಟಗರು ಬಿಡುವ ಮೊದಲು ಕೆಲವು ವಾರ ಎಲ್ಲ ಕುರಿಗಳಿಗೂ ಕಾಳು ಹೆಚ್ಚಿಸಿದಳು. ಹಾಗೆ ಮೈ ಹಿಡಿದ ಕುರಿಯಲ್ಲಿ ಅವಳಿ ನಿಲ್ಲುವುದು ಹೆಚ್ಚು. ಗಬ್ಬ ನಿಂತು ತಿಂಗಳುಗಳಾದ ಮೇಲೆ ಸ್ಕ್ಯಾನಿನವನನ್ನು ಕರೆಸಿದಳು. ಅತ್ತೆಯ ಕಾಲದಲ್ಲೂ ಸ್ಕ್ಯಾನ್ ಮಾಡಿಸುತ್ತಿದ್ದರು. ಅವಳಿ ಇದ್ದವುಗಳ ಬೆನ್ನಿಗೆ ನೀಲಿ ಬಣ್ಣ, ಬರಡಿಗೆ ಕೆಂಪು, ಒಂಟಿ ಮರಿಯವಕ್ಕೆ ಬರಿಬೆನ್ನು. ಹಳೆಯ ಸ್ಕ್ಯಾನಿನವನು ಕೆಲಸ ಬಿಟ್ಟಿದ್ದರಿಂದ ಈ ಸಲ ಬಂದವನು ಹೊಸಬ. ಕುರಿಗಳನ್ನು ಇಕ್ಕಟ್ಟಾದ ಓಣಿಗೆ ನುಗ್ಗಿಸಿ, ಪರದೆಯ ಮೇಲೆ ಬಿಸಿಲು ಬೀಳದಂತೆ ತಲೆಗೆ ಗೋಣಿ ಹೊದ್ದುಕೊಂಡು ಅವನು ಕೆಲಸ ಮಾಡಿದ. ಮುಗಿದಾಗ ಹಿಂಡಿನ ಮೂರರಲ್ಲೊಂದು ಪಾಲಿನ ಬೆನ್ನು ನೀಲಿಯಾಗಿತ್ತು. ಹೊರಡುವಾಗ ಟೀ ಹೀರುತ್ತ, "ಹಿಂಡು ಜೋರಾಗಿದೆ ಅಕ್ಕ, ಕೈಗುಣ ಚೆನ್ನಾಗಿದೆ" ಎಂದ. ಟೀ ಕುಡಿದವನ ಉಪಚಾರದ ಮಾತು ಎಂದುಕೊಂಡಳು. ಎಂದಿನಷ್ಟೇ ಅವಳಿ; ಕಾಳು ಹೆಚ್ಚಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತಾಯಿತಲ್ಲ ಎಂದು ಒಳಗೊಳಗೇ ಪೆಚ್ಚಾಗಿದ್ದಳು.

ಅತ್ತೆ ಅವಳಿಯ ಗುರುತನ್ನು ಹೆರಿಗೆಯ ಹೊತ್ತಿಗೆ ಕಣ್ಣಿಡಲು ಮಾತ್ರ ಬಳಸುತ್ತಿದ್ದರು. ಮೇವು ಎಲ್ಲಕ್ಕೂ ಒಂದೇ. ಸೊಸೆ ಹಿಂಡನ್ನೇ ಎರಡು ಮಾಡಿದಳು. ನೀಲಿ ಬೆನ್ನಿನವಕ್ಕೆ ಬಿಸಿಲು ಬೀಳುವ ದೊಡ್ಡ ದೊಡ್ಡಿ, ಒಳ್ಳೆಯ ಹುಲ್ಲು, ಬೆಳಿಗ್ಗೆ ಸಂಜೆ ಜೋಳ ಮತ್ತು ಹಿಂಡಿ. ಬರಿಬೆನ್ನಿನವಕ್ಕೆ ಒಣಹುಲ್ಲು, ಮೇಲೆ ಒಂದು ಹಿಡಿ ಕಾಳು.

"ಒಂದೇ ಮನೇಲಿ ಪಂಕ್ತಿಭೇದ ಮಾಡ್ತೀಯೇನೇ?" ಎಂದಿದ್ದರು ಅತ್ತೆ.

"ಒಂಟಿ ಮರಿಯವಕ್ಕೆ ಜಾಸ್ತಿ ತಿನ್ನಿಸಿದ್ರೆ ಮರಿ ಬೆಳೆದು ಹೆರಿಗೆ ಕಷ್ಟ ಆಗುತ್ತೆ ಅತ್ತೆ. ಅವಳಿಯವಕ್ಕೆ ಕಡಿಮೆ ಆದ್ರೆ ತಾಯೀನೇ ಕರಗಿ ಹೋಗುತ್ತೆ. ಯಾರಿಗೆ ಎಷ್ಟು ಬೇಕೋ ಅಷ್ಟು ಕೊಡೋದು ಭೇದ ಅಲ್ಲ."

"ಮಾತಿಗೆ ಮಾತ್ರ ನಿನ್ನ ಹತ್ರ ಬರಗಾಲ ಇಲ್ಲ."

ಕನ್ನಡಕದ್ದು ಬರಿಬೆನ್ನು. ಅದರ ಬಾಯಲ್ಲಿ ಮೊನ್ನೆ ಆ ವಾಸನೆ ಬಂದಾಗ ಸೊಸೆಗೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಮುಂದಾಳಾಗಿ ಸದಾ ಮೊದಲ ತುತ್ತು ತಿಂದು ಕೊಬ್ಬಿದ ಕುರಿ ಅದು. ಹೊಟ್ಟೆಯೊಳಗೆ ಕೊಬ್ಬು ತುಂಬಿ, ಮೇಲೆ ಗರ್ಭವೂ ಬೆಳೆದರೆ, ಮೇವು ಹುದುಗಬೇಕಾದ ಜಠರದ ದೊಡ್ಡ ಚೀಲ ತುಂಬಿದ ಬಸ್ಸಿನಲ್ಲಿ ಕಡೆಗೆ ಹತ್ತಿದವನ ಹಾಗೆ ಮೂಲೆಗೆ ಒತ್ತಿಕೊಂಡು ನಿಲ್ಲುತ್ತದೆ. ಕುರಿ ತಿನ್ನುವುದು ಕಡಿಮೆಯಾಗುತ್ತದೆ. ಒಂಟಿ ಮರಿಯಾದರೂ, ಬೊಜ್ಜಿನ ಕುರಿಗೆ ಹೀಗಾಗುವುದುಂಟು. ರಕ್ತಕ್ಕೆ ಬೇಗ ಸಕ್ಕರೆ ಸಿಗಲೆಂದು ಗ್ಲಿಸರಿನ್ ಕುಡಿಸಿದಳು, ಅಂಗಳದಲ್ಲಿ ನಡೆದಾಡಿಸಿದಳು. ಕಾಳು ಮಾತ್ರ ಹೆಚ್ಚಿಸಲಿಲ್ಲ. ಕೊಬ್ಬಿದ್ದಕ್ಕೆ ಇನ್ನಷ್ಟು ಏಕೆ?

ಇಷ್ಟು ಸಮಾಧಾನ ಹೇಳಿಕೊಂಡರೂ ಎರಡು ದಿನದಿಂದ ಬೆಳಗಾದರೆ ಕುರಿಗಳ ಬಾಯಿ ಮೂಸುತ್ತಿದ್ದಳು.

ಟೀ ಹಿಡಿದು ಒಳಗೆ ಹೋದಾಗ ಅತ್ತೆ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಕನ್ನಡಕ ಗೋದಲಿಯ ಕಡೆ ಬೆನ್ನು ಹಾಕಿ, ಹಣೆಯನ್ನು ಗೋಡೆಗೆ ಒತ್ತಿಕೊಂಡು ನಿಂತಿತ್ತು.

"ಶಿಕ್ಷೆಗೆ ನಿಲ್ಲಿಸಿದ ಹಾಗೆ ನಿಂತಿದೆಯಲ್ಲೇ."

"ಮೆದುಳಿಗೆ ಸಕ್ಕರೆ ಸಾಲ್ತಿಲ್ಲ ಅತ್ತೆ. ಗಬ್ಬ ಇರೋವಾಗ ತಾಯಿ ಮೈ ತನಗೆ ತಾನೇ ಬಾಗಿಲು ಹಾಕ್ಕೊಳ್ಳುತ್ತೆ. ರಕ್ತದಲ್ಲಿರೋ ಸಕ್ಕರೇನ ತನ್ನ ಮಾಂಸಕ್ಕೆ, ಕೊಬ್ಬಿಗೆ ಬಿಟ್ಕೊಳ್ಳಲ್ಲ. ಮರಿಗೆ ಹೋಗ್ಲಿ ಅಂತ. ತಾನು ಕೊಬ್ಬು ಕರಗಿಸ್ಕೊಂಡು ಬದುಕುತ್ತೆ. ಅದು ಒಂದು ಮಟ್ಟದವರೆಗೆ ಸರಿ."

"ಅದಕ್ಕೇನು ಕಾಲೇಜಿಗೆ ಹೋಗ್ಬೇಕಾ? ನಿನ್ನ ಗಂಡ ನನ್ನ ಎರಡು ದವಡೆ ಹಲ್ಲು ತಿಂದು ಹುಟ್ಟಿದೋನು."

"ಹಲ್ಲಿಂದ ತೆಗೆಯಲ್ಲ ಅತ್ತೆ. ಸುಣ್ಣದ ಅಂಶ ಬೇಕಾದ್ರೆ ಮೂಳೆಯಿಂದ ತೆಗೆಯುತ್ತೆ."

"ಮೂಳೆನೂ ತಿಂದನಾ? ನೋಡು, ಸೊಂಟ ಮುರಿದದ್ದು ಯಾರಿಂದ ಅಂತ ಈಗ ಗೊತ್ತಾಯ್ತು. ಬರಲಿ ಅವನು."

ಸೊಸೆ ನಗುತ್ತಲೇ ತಲೆಯೆತ್ತಿದಳು. ಕಿಟಕಿಯಾಚೆ, ಬರಿಬೆನ್ನಿನ ದೊಡ್ಡಿಯಲ್ಲಿ, ಇನ್ನೊಂದು ಕುರಿ ಎಲ್ಲರಿಗಿಂತ ಹಿಂದೆ ಬಿದ್ದು ನಿಂತಿತ್ತು. ಕಡ್ಡಿ ಎಂದು ಅದರ ಹೆಸರು. ಎಷ್ಟು ತಿಂದರೂ ಮೈ ಹಿಡಿಯದ್ದು. ಲೋಟವನ್ನು ಅತ್ತೆಯ ಕೈಗಿಟ್ಟು ಓಡಿದಳು. ಕಡ್ಡಿ ಹಲ್ಲು ಕಟಕಟ ಕಡಿಯುತ್ತಿತ್ತು. ಗದ್ದ ಹಿಡಿದು ಮೂಸಿದಳು. ಉಗುರಿನ ಬಣ್ಣ ಅಳಿಸುವ ದ್ರವ.

ಕಿವಿಯಂಚಿಗೆ ಸೂಜಿ ಚುಚ್ಚಿ ರಕ್ತದ ಹನಿಯನ್ನು ಬೆರಳುದ್ದದ ಮೀಟರಿಗೆ ಕುಡಿಸಿದಳು. ಕೊಬ್ಬು ಕರಗಿ ಉಳಿಯುವ ಕೀಟೋನಿನ ಅಂಕಿ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಮೇಲಿತ್ತು. ಕನ್ನಡಕದ್ದು ಬೊಜ್ಜಿನ ಕಥೆ ಎನ್ನಬಹುದು. ಈ ಕಡ್ಡಿಯಲ್ಲಿ ಬೊಜ್ಜೆಲ್ಲಿದೆ? ಒಂಟಿ ಮರಿಯ ತೆಳ್ಳನೆಯ ಕುರಿಗೆ ಈ ರೋಗ ಬರಬಾರದು. ತಾನು ನಂಬಿದ್ದ ಲೆಕ್ಕದಲ್ಲಿ ಎಲ್ಲೋ ಒಂದು ಅಂಕಿ ಸುಳ್ಳು ಹೇಳುತ್ತಿದೆ. ಸುಣ್ಣದ ಅಂಶ ಕಡಿಮೆಯಾಗಿರಬಹುದೇ ಎಂದು ಅದರ ಇಂಜೆಕ್ಷನ್ನನ್ನೂ ಕೊಟ್ಟಳು. ಕಡ್ಡಿ ಬದಲಾಗಲಿಲ್ಲ. ನೀರಿನ ತೊಟ್ಟಿ ನೋಡಿದಳು, ಹುಲ್ಲನ್ನು ಮುರಿದು ಮೂಸಿದಳು, ಹಿಂಡಿಯ ಚೀಲಕ್ಕೆ ಮೊಣಕೈವರೆಗೆ ಕೈ ಹಾಕಿ ಬೂಷ್ಟು ಹುಡುಕಿದಳು. ನೀಲಿಯವುಗಳ ದೊಡ್ಡಿಗೆ ಹೋಗಿ ಅಲ್ಲಿನ ಬಾಯಿಗಳನ್ನು ಮೂಸಿದಳು. ಒಂದರಲ್ಲೂ ಏನೂ ಇಲ್ಲ. ಅಪಾಯವಿರಬೇಕಾದ ಕಡೆ ನೆಮ್ಮದಿ, ನೆಮ್ಮದಿಯಿರಬೇಕಾದ ಕಡೆ ಅಪಾಯ.

ಹಗಲು ಇಳಿಯುವ ಮೊದಲೇ ನೀಲಿಯವುಗಳಲ್ಲೊಂದು ಕಾಲು ಕೆರೆದು ಮಲಗಿತು. ಗೊಣಗಿ. ಮೇವು ಹಾಕಿದರೂ ಗೊಣಗುವ, ಹಾಕದಿದ್ದರೂ ಗೊಣಗುವ ಕುರಿ. ಹಿಂಡಿನಲ್ಲಿ ಈ ಸಲದ ಮೊದಲ ಹೆರಿಗೆ ಅದರದ್ದೇ. ನೀರುಚೀಲ ಒಡೆದು ಬಹಳ ಹೊತ್ತಾದರೂ ಮರಿ ಬರಲಿಲ್ಲ. ಸೊಸೆ ಕೈ ತೊಳೆದು, ಸೋಪಿನ ನೊರೆ ಹಚ್ಚಿಕೊಂಡು ಹುಲ್ಲಿನ ಮೇಲೆ ಬೋರಲು ಮಲಗಿದಷ್ಟೇ ಬಾಗಿ ಕೈ ಹಾಕಿದಳು. ಎರಡು ಗೊರಸು, ಒಂದು ಮೂಗು. ಸರಿಯಾಗಿಯೇ ಇದೆ, ಆದರೆ ತಲೆ ಬಾಗಿಲಿಗಿಂತ ದೊಡ್ಡದು. ಎಳೆದಳು, ಬಿಟ್ಟಳು, ಗೊಣಗಿಯ ನೋವಿನೊಂದಿಗೆ ಮತ್ತೆ ಎಳೆದಳು. ಕಡೆಗೆ ಮರಿ ಜಾರಿ ಮಡಿಲಿಗೆ ಬಿದ್ದಾಗ ಅದರ ಭಾರಕ್ಕೆ ಹಿಂದಕ್ಕೆ ಕೂತುಬಿಟ್ಟಳು. ಆಗತಾನೇ ಹುಟ್ಟಿದ ಮರಿಯಲ್ಲ, ವಾರವೊಂದು ಹೊರಗೆ ಬೆಳೆದು ಬಂದ ಮರಿಯಂತಿತ್ತು. ಕೆಮ್ಮಿತು, ತಲೆ ಕೊಡವಿತು, ಬದುಕಿತು.

ಟಣ್ ಟಣ್. "ಬಂತಾ?"

"ಬಂತು ಅತ್ತೆ. ಗಂಡು."

"ಇನ್ನೊಂದು?"

"ನೋಡ್ತೀನಿ."

ಮತ್ತೆ ಕೈ ಹಾಕಿದಳು. ಅವಳಿಯಲ್ಲಿ ಎರಡನೆಯದು ಸುಲಭ, ದಾರಿ ಆಗಿರುತ್ತದೆ. ಬೆರಳಿಗೆ ಗೊರಸು ಸಿಗಲಿಲ್ಲ. ಬಾಲ ಸಿಗಲಿಲ್ಲ. ಇನ್ನೂ ಒಳಗೆ ಹೋದಳು. ಗರ್ಭದ ಗೋಡೆ ಬಿಸಿಯಾಗಿ, ಖಾಲಿ ಚೀಲದ ಹಾಗೆ ಕೈಯ ಸುತ್ತ ಮುದುಡಿಕೊಂಡಿತು. ಎಡಕ್ಕೆ ತಡಕಿದಳು, ಬಲಕ್ಕೆ ತಡಕಿದಳು.

"ಇನ್ನೊಂದೆಲ್ಲೇ?"

"ಇಲ್ಲ ಅತ್ತೆ."

"ಇಲ್ಲ ಅಂದ್ರೆ? ಬೆನ್ನ ಮೇಲೆ ನೀಲಿ ಇದೆಯಲ್ಲ?"

ಸೊಸೆ ಕೈಯನ್ನು ಹೊರತೆಗೆದು ಹಾಗೇ ಕೂತಳು. ಮಧ್ಯದಲ್ಲಿ ಒಂದು ಕರಗಿ ಹೋಗಿರಬಹುದು, ಹಾಗೂ ಆಗುತ್ತದೆ ಎಂದು ತಲೆ ಹೇಳಿತು. ಆದರೆ ಕಣ್ಣು ಆಗಲೇ ಬೇರೆ ಕಡೆ ನೋಡುತ್ತಿತ್ತು. ನೀಲಿ ಬೆನ್ನಿನವು ಮಿರಮಿರ ಮಿಂಚುತ್ತ, ಬೆನ್ನೆಲುಬು ಕಾಣದಷ್ಟು ಮೈತುಂಬಿ, ತೃಪ್ತಿಯಿಂದ ಮೆಲುಕು ಹಾಕುತ್ತಿದ್ದವು. ಬೇಲಿಯಾಚೆ ಬರಿಬೆನ್ನಿನವು, ಒಂದೊಂದರ ಬೆನ್ನೆಲುಬೂ ಉಣ್ಣೆಯ ಕೆಳಗೆ ಬಾಚಣಿಗೆಯಂತೆ ಎದ್ದಿತ್ತು, ಹೊಟ್ಟೆ ಮಾತ್ರ ಎರಡೂ ಪಕ್ಕಕ್ಕೆ ಜೋತುಬಿದ್ದಿತ್ತು. ಇಷ್ಟು ದಿನವೂ ಅವು ಹೀಗೆಯೇ ಎದುರಿಗಿದ್ದವು. ತಾನು ಬೆನ್ನಿನ ಬಣ್ಣ ನೋಡಿದ್ದೆನೇ ಹೊರತು ಬೆನ್ನು ನೋಡಿರಲಿಲ್ಲ.

ಒದ್ದೆ ಕೈಯಲ್ಲೇ ಫೋನ್ ಮಾಡಿದಳು. ಸ್ಕ್ಯಾನಿನವನು ಎಲ್ಲೋ ಕುರಿಗಳ ಗಲಾಟೆಯ ನಡುವೆ ಇದ್ದ.

"ಅಣ್ಣ, ನೀಲಿ ಯಾವುದಕ್ಕೆ ಹಾಕಿದ್ರಿ?"

"ಕಡಿಮೆ ಇದ್ದದ್ದಕ್ಕೆ ಅಕ್ಕ. ನಾನು ಎಲ್ಲಾ ಕಡೆ ಹಾಗೇ ಮಾಡೋದು. ಮೊದಲ ಸಲ ಓಣಿಗೆ ನುಗ್ಗಿಸಿದವನ್ನ ಪೂರ್ತಿ ನೋಡ್ಕೊಂಡು, ಒಂಟಿ ಅವಳಿ ಎರಡ್ರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಬಣ್ಣ. ಬಣ್ಣಾನೂ ಉಳಿಯುತ್ತೆ, ಉಣ್ಣೆನೂ ಹಾಳಾಗಲ್ಲ."

"ಕಡಿಮೆ ಇದ್ದದ್ದು ಯಾವುದು?"

"ಒಂಟಿ. ನಿಮ್ಮಲ್ಲಿ ಎಲ್ಲಾ ಅವಳಿ ಅವಳಿ! ಅವತ್ತೇ ಹೇಳಿದ್ನಲ್ಲ, ಹಿಂಡು ಜೋರಾಗಿದೆ ಅಂತ. ಯಾಕಕ್ಕ, ಏನಾಯ್ತು?"

"ಏನಿಲ್ಲ ಅಣ್ಣ" ಎಂದು ಇಟ್ಟಳು. ಏನಿಲ್ಲವೇ? ಟಗರು ಬಿಡುವ ಮೊದಲು ಹಾಕಿದ ಕಾಳು ವ್ಯರ್ಥವಾಗಿರಲಿಲ್ಲ. ಎಂದೂ ಆಗದಷ್ಟು ಅವಳಿ ನಿಂತಿತ್ತು. ಗೆದ್ದದ್ದು ತನಗೇ ತಿಳಿಯಲಿಲ್ಲ. ಈ ಮನೆಯಲ್ಲಿ ಕಡಿಮೆ ಇರುವುದು ಯಾವಾಗಲೂ ಅವಳಿಯೇ, ಆದ್ದರಿಂದ ನೀಲಿ ಎಂದರೆ ಅವಳಿ ಎಂದುಕೊಂಡಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರ ಕಥೆ ಕೇಳಿ ನಗುತ್ತಿದ್ದವಳು, ಯಾರೂ ಹೇಳದೆಯೇ ಕಟ್ಟಿಬಿಟ್ಟಿದ್ದಳು. ಎರಡೆರಡು ಮರಿ ಹೊತ್ತ ತಾಯಂದಿರಿಗೆ, ಆ ಮರಿಗಳು ಅತಿ ಹೆಚ್ಚು ಬೆಳೆಯುವ ವಾರಗಳಲ್ಲಿ, ಒಂದು ಹಿಡಿ ಕಾಳು. ಅದೂ ತೂಕ ಮಾಡಿ, ಒಂದು ಕಾಳು ಹೆಚ್ಚಾಗದಂತೆ.

ಜೋಳದ ಬುಟ್ಟಿ ಎತ್ತಿಕೊಂಡು ಬರಿಬೆನ್ನಿನವುಗಳ ದೊಡ್ಡಿಗೆ ಓಡಿದಳು. ಗೇಟಿನ ಬಳಿ ಕಾಲು ತಾನಾಗಿ ನಿಂತಿತು. ಇಷ್ಟು ದಿನ ಒಣಹುಲ್ಲು ತಿಂದ ಹೊಟ್ಟೆಗೆ ಒಮ್ಮೆಲೇ ಕಾಳು ಸುರಿದರೆ ಒಳಗೆಲ್ಲ ಹುಳಿಯಾಗಿ ಇವತ್ತೇ ಸಾಯುತ್ತವೆ. ಕೆಡಿಸಿದ್ದನ್ನು ಒಂದೇ ಸಲಕ್ಕೆ ಸರಿಪಡಿಸಲೂ ಆಗುವುದಿಲ್ಲ. ಬುಟ್ಟಿ ಕೆಳಗಿಟ್ಟಳು, ಎತ್ತಿದಳು, ಮತ್ತೆ ಇಟ್ಟಳು. ಕಡೆಗೆ ಎರಡು ಹಿಡಿ ಮಾತ್ರ ಹಾಕಿ, ನೀಲಿಯವುಗಳ ಗೋದಲಿಯಿಂದ ಒಳ್ಳೆಯ ಹುಲ್ಲನ್ನೆಲ್ಲ ತಬ್ಬಿ ಹೊತ್ತು ತಂದು ಇಲ್ಲಿ ಹರಡಿದಳು. ಆಮೇಲೆ, 'ಆಮೇಲೆ ಹೇಳಿದರಾಯಿತು' ಎಂಬ ಯೋಚನೆ ಬರುವ ಮೊದಲೇ, ಕಿಟಕಿಯ ಕೆಳಗೆ ಹೋಗಿ ನಿಂತಳು.

"ಅತ್ತೆ, ನಾನು ತಿರುಗಾಮುರುಗಾ ಮಾಡಿದ್ದೀನಿ. ನೀಲಿ ಇರೋವು ಒಂಟಿ. ಬರಿಬೆನ್ನಿನವು ಅವಳಿ. ಸ್ಕ್ಯಾನಿನೋನು ಕಡಿಮೆ ಇದ್ದದ್ದಕ್ಕೆ ಬಣ್ಣ ಹಾಕಿದ್ದ. ನಾನು ಕೇಳ್ಲಿಲ್ಲ. ಯಾವಕ್ಕೆ ಬೇಕಿತ್ತೋ ಅವಕ್ಕೇ ಕಡಿಮೆ ಹಾಕಿದೆ."

ಅತ್ತೆಯ ಊರುಗೋಲು ಸರಳಿನ ಮೇಲೆ ಹಾಗೇ ನಿಂತಿತ್ತು. ಪಂಕ್ತಿಭೇದದ ಮಾತು ಈಗ ಬರುತ್ತದೆ ಎಂದು ಸೊಸೆ ಕಾದಳು.

"ಕನ್ನಡಕದ ಹೊಟ್ಟೇಲಿ ಎರಡಿವೆಯಾ?"

"ಹೂಂ."

"ಹಾಗಾದ್ರೆ ಡಾಕ್ಟರಮ್ಮನ್ನ ಕರಿ. ಬೈಯೋದು ಆಮೇಲೆ ಬೈತೀನಿ. ನೀನೆಲ್ಲೂ ಓಡಿ ಹೋಗಲ್ವಲ್ಲ."

ಪಶುವೈದ್ಯೆ ರಬ್ಬರ್ ಬೂಟಿನಲ್ಲಿ ಬಂದು, ಕಡ್ಡಿಯನ್ನೂ ಕನ್ನಡಕವನ್ನೂ ನೋಡಿದರು. "ಈ ತೆಳ್ಳಂದು ಇನ್ನೂ ಬಾಯಿ ಆಡಿಸ್ತಿದೆ, ಹುಲ್ಲು ಕಾಳು ಗ್ಲಿಸರಿನ್‌ನಲ್ಲೇ ಉಳಿಯುತ್ತೆ. ಇದು ಕಷ್ಟ" ಎಂದು ಕನ್ನಡಕದ ಪಕ್ಕೆ ತಟ್ಟಿದರು. "ಮರಿಗಳು ಒಳಗಿರೋವರೆಗೂ ಸಕ್ಕರೆ ಕೇಳ್ತಾನೇ ಇರ್ತವೆ. ಅವು ಹೊರಗೆ ಬಂದ್ರೆ ಕೇಳೋದು ನಿಲ್ಲುತ್ತೆ. ಹೆರಿಗೆ ಬರೋ ಹಾಗೆ ಇಂಜೆಕ್ಷನ್ ಕೊಡ್ತೀನಿ. ಮರಿ ಉಳಿಯೋ ಅಷ್ಟು ಬೆಳೆದಿವೆ. ತಾಯಿ ವಿಷಯ ನಾನು ಮಾತು ಕೊಡಲ್ಲಮ್ಮ."

ಆಮೇಲಿನದೆಲ್ಲ ಕಾಯುವುದು. ಕಾಯುವುದು ಎಂದರೆ ಕೂರುವುದು ಎಂದು ತಿಳಿದವರಿಗೆ ಸೊಸೆಯನ್ನು ತೋರಿಸಬೇಕಿತ್ತು. ಕನ್ನಡಕಕ್ಕೆ ಗ್ಲಿಸರಿನ್ ಕುಡಿಸುವಳು, ಕಡ್ಡಿಯ ಬಾಯಿಗೆ ಹುಲ್ಲು ಹಿಡಿಯುವಳು, ಬರಿಬೆನ್ನಿನವುಗಳ ಬಾಯಿ ಸಾಲಾಗಿ ಮೂಸುವಳು, ಗೊಣಗಿಯ ಕೆಚ್ಚಲು ಹಿಂಡಿ ನೋಡುವಳು, ಮತ್ತೆ ಕನ್ನಡಕಕ್ಕೆ. ತಿಂದದ್ದರ ರುಚಿ ತಿಳಿಯಲಿಲ್ಲ. ಕನ್ನಡಕದ ಪಕ್ಕೆಗೆ ಅಂಗೈ ಇಟ್ಟರೆ ಒಳಗೆ ಮರಿಗಳು ಗಟ್ಟಿಮುಟ್ಟಾಗಿ ಒದೆಯುತ್ತಿದ್ದವು. ಆಕೆಯನ್ನು ಕಂಗೆಡಿಸಿದ್ದು ಅದೇ. ತಾಯಿ ಗೋಡೆ ಕಾಣದೆ ಗೋಡೆಗೆ ಹಾಯುತ್ತಿದೆ, ಒಳಗಿನವಕ್ಕೆ ಏನೂ ಕಡಿಮೆಯಾಗಿಲ್ಲ. ಈ ಏರ್ಪಾಡನ್ನು ಕಾಲೇಜಿನಲ್ಲಿ ಓದುವಾಗ ಎಷ್ಟು ಅಚ್ಚುಕಟ್ಟು ಎನಿಸಿತ್ತು: ಮೈಯೇ ತನ್ನ ಪಾಲನ್ನು ಬಿಟ್ಟುಕೊಡುತ್ತದೆ. ಬಿಟ್ಟುಕೊಟ್ಟದ್ದನ್ನು ಎಲ್ಲಿಗೆ ನಿಲ್ಲಿಸಬೇಕೆಂದು ಅದಕ್ಕೆ ತಿಳಿಯದು. ಅದನ್ನು ತಿಳಿದು ಗೋದಲಿ ತುಂಬಬೇಕಾದವರು ಹೊರಗೆ ನಿಂತವರು.

ಕನ್ನಡಕ ಈದದ್ದು ಹಗಲು ಹೊತ್ತಿನಲ್ಲೇ, ಸದ್ದಿಲ್ಲದೆ. ಎರಡು ಹೆಣ್ಣು ಮರಿಗಳು, ಚಿಕ್ಕವು, ಆದರೆ ಬಿದ್ದ ಕೂಡಲೇ ಕಾಲೂರಲು ಹೆಣಗಾಡಿದವು. ಮರಿಗಳ ಕೂಗು ಕೇಳಿ ಅತ್ತೆ ಕಿಟಕಿ ಬಿಟ್ಟು ಹೊರಗೆ ಬಂದಿದ್ದರು, ಸೊಂಟ ಮುರಿದ ಮೇಲೆ ಮೊದಲ ಸಲ, ಊರುಗೋಲು ಒಂದು ಕೈಯಲ್ಲಿ, ಗೋಡೆ ಇನ್ನೊಂದು ಕೈಯಲ್ಲಿ. ಸೊಸೆ ಕುರ್ಚಿ ತಂದು ಹಾಕಿದಳು. ಕನ್ನಡಕ ಕತ್ತು ಚಾಚಿ ಒಂದು ಮರಿಯ ಕಿವಿಯನ್ನು ಒಂದು ಸಲ ನೆಕ್ಕಿತು. ಗಂಟಲಲ್ಲಿ ತಾಯಿಕುರಿಗಳು ಮರಿಗೆ ಮಾತ್ರ ಮಾಡುವ ಆ ಸಣ್ಣ ಸದ್ದು ಮಾಡಿತು. ಮೇಲೆ ಏಳಲಿಲ್ಲ. ಸೊಸೆ ಅದರ ದವಡೆಯ ಮೇಲೇ ಕಣ್ಣಿಟ್ಟಿದ್ದಳು, ಒಂದು ಸಲ ಮೆಲುಕು ಆಡಿದರೆ ಸಾಕು ಎಂದು. ದವಡೆ ಆಡಲಿಲ್ಲ. ಮರುದಿನ ಬಿಸಿಲೇರುವ ಹೊತ್ತಿಗೆ ಅದು ಗದ್ದವನ್ನು ನೆಲಕ್ಕಿಟ್ಟು ಸತ್ತಿತು.

ಅತ್ತೆ ಮರಿಗಳನ್ನು ಹತ್ತಿರ ಎಳೆದುಕೊಂಡು ನೋಡಿದರು. "ಎರಡರ ಮುಖದಲ್ಲೂ ಕನ್ನಡಕ ಇಲ್ಲ ನೋಡು" ಎಂದರು.

ಅಳಲು ಪುರಸೊತ್ತಿರಲಿಲ್ಲ, ಮರಿಗಳು ಹಸಿದಿದ್ದವು. ಮಾಡಿದ ತಪ್ಪಿನ ಇನ್ನೊಂದು ತುದಿ ಆಗ ಕೈಗೆ ಸಿಕ್ಕಿತು: ಬೇಡದಷ್ಟು ತಿಂದ ಗೊಣಗಿಯ ಕೆಚ್ಚಲು ಒಂದೇ ಮರಿಗೆ ಮುಗಿಯದಷ್ಟು ತುಂಬಿತ್ತು. ಕನ್ನಡಕದ ಮರಿಗಳಲ್ಲಿ ಒಂದನ್ನು ಗೊಣಗಿಯ ಮರಿಯೊಂದಿಗೆ ಒಂದೇ ಗೋಣಿಚೀಲದಲ್ಲಿ ಕತ್ತಿನವರೆಗೆ ಕೂರಿಸಿ, ಎರಡರ ಮೈವಾಸನೆ ಬೆರೆಯುವವರೆಗೆ ಬಿಟ್ಟಳು. ಹೊರತೆಗೆದು ಬಿಟ್ಟಾಗ ಗೊಣಗಿ ಒಂದನ್ನು ಮೂಸಿತು, ಇನ್ನೊಂದನ್ನು ಮೂಸಿತು, ಲೆಕ್ಕ ಹೆಚ್ಚಾಯಿತಲ್ಲ ಎಂದು ಗೊಣಗಿತು, ಒದೆಯಿತು, ಮತ್ತೆ ಮೂಸಿತು. ಕಡೆಗೆ ಸುಮ್ಮನೆ ನಿಂತು ಎರಡಕ್ಕೂ ಕುಡಿಸಿತು. ಇನ್ನೊಂದು ಮರಿ ಅತ್ತೆಯ ಮಡಿಲಲ್ಲಿ ಬಾಟಲಿ ಚೀಪತೊಡಗಿತು.

ದೊಡ್ಡ ಫಾರಂನ ಮ್ಯಾನೇಜರು ಬಂದಾಗ ಅತ್ತೆ ಹಾಗೇ ಕೂತಿದ್ದರು, ಅಂಗಳದ ಕುರ್ಚಿಯಲ್ಲಿ, ಮಡಿಲಲ್ಲಿ ಮರಿ. ಸೊಸೆ ಬರಿಬೆನ್ನಿನವುಗಳ ಗೋದಲಿಗೆ ಕಾಳು ಹಾಕುತ್ತಿದ್ದಳು. ದಿನಕ್ಕೊಂದಿಷ್ಟು ಏರಿಸಿ ಈಗ ಪೂರ್ತಿ ಪಾಲಿಗೆ ಬರುತ್ತಿತ್ತು. ಕಡ್ಡಿ ಎಲ್ಲರನ್ನೂ ತಳ್ಳಿಕೊಂಡು ತಿನ್ನುತ್ತಿತ್ತು.

"ಮುಂದಾಳು ಕುರಿ ಹೋಯ್ತಂತೆ ಅಮ್ಮ?"

"ಹೋಯ್ತು."

"ಏನಾಗಿತ್ತು?"

ಅತ್ತೆ ಸೊಸೆಯ ಕಡೆ ನೋಡಿದರು. ಬೇಕಾದರೆ ಅವರೇ ಒಂದು ಕಾಯಿಲೆಯ ಹೆಸರು ಹೇಳಿ ಮುಗಿಸಬಹುದಿತ್ತು. ಸೊಸೆ ಬುಟ್ಟಿ ಇಳಿಸಿದಳು.

"ನಾನು ಮೇವು ತಪ್ಪು ಹಾಕಿದೆ. ಅವಳಿ ಇದ್ದವನ್ನ ಒಂಟಿ ಅಂದ್ಕೊಂಡು ಕಡಿಮೆ ಕೊಟ್ಟೆ."

ಮ್ಯಾನೇಜರು ನಕ್ಕ. ಕೆಟ್ಟ ನಗುವೇನಲ್ಲ, ಕನಿಕರದ್ದು. "ಅಷ್ಟೊಂದು ಓದಿದವರೇ ಹೀಗಾದ್ರೆ... ನಮ್ಮಲ್ಲಿಗೆ ಬಂದ್ರೆ ಈ ತಲೆನೋವೇ ಇಲ್ಲಮ್ಮ. ಮೇವು ಹಾಕೋದೂ ಮಷೀನೇ."

"ನಿಮ್ಮ ಮಷೀನು ತಪ್ಪು ಮಾಡಿದ್ರೆ ಬಂದು ಹೇಳುತ್ತಾ?"

"ಮಷೀನು ತಪ್ಪು ಮಾಡಲ್ಲಮ್ಮ."

"ಹಾಗಾದ್ರೆ ಬೇಡ ಬಿಡಪ್ಪ." ಅತ್ತೆ ಮರಿಯ ಬಾಯಿಂದ ಜಾರಿದ ಬಾಟಲಿಯನ್ನು ಸರಿಪಡಿಸಿದರು. "ಇವಳು ತಪ್ಪು ಮಾಡ್ತಾಳೆ. ಕೈ ತೊಳೆಯೋ ಮೊದಲೇ ಓಡಿ ಬಂದು ಹೇಳ್ತಾಳೆ. ನಂಗೆ ಇವಳೇ ಸಾಕು. ಟೀ ಕುಡ್ಕೊಂಡು ಹೋಗು. ಇವಳೇ ಮಾಡ್ಬೇಕು, ಅದಕ್ಕೇ ಸಂಜೆ ಆದ್ರೂ ಆಗ್ಬಹುದು."

ಮ್ಯಾನೇಜರು ಟೀಗೆ ಕಾಯಲಿಲ್ಲ. ಅವನ ಗಾಡಿಯ ಸದ್ದು ಕರಗಿದ ಮೇಲೂ ಸೊಸೆ ಬುಟ್ಟಿಯ ಪಕ್ಕದಲ್ಲೇ ನಿಂತಿದ್ದಳು.

"ಯಾಕೆ ಕಂಬದ ಹಾಗೆ ನಿಂತಿದ್ದೀಯ? ಬೈಯೋದಿನ್ನೂ ಬಾಕಿ ಇದೆ, ಮರೆತಿಲ್ಲ ನಾನು. ಮೊದಲು ಇವನ್ನ ಹುಲ್ಲಿಗೆ ಬಿಡು, ಬಿಸಿಲು ಬಂದಿದೆ."

ಗೇಟು ತೆರೆದಳು. ಕುರಿಗಳು ಬಾಗಿಲವರೆಗೆ ಬಂದು ನಿಂತವು. ಯಾವುದೂ ಮೊದಲ ಹೆಜ್ಜೆ ಇಡಲೊಲ್ಲದು. ಒಂದು ಇನ್ನೊಂದರ ಮುಖ ನೋಡುತ್ತಿತ್ತು. ಸೊಸೆ ಗೊಣಗಿಯ ಬಳಿಯಿದ್ದ ಕನ್ನಡಕದ ಮರಿಯನ್ನು ಎತ್ತಿ, ಎದೆಗೆ ಅವಚಿಕೊಳ್ಳದೆ, ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದು ಬಾಗಿಕೊಂಡೇ ನಡೆದಳು. ಮೇಲೆತ್ತಿದರೆ ಮರಿ ಕಾಣೆಯಾಯಿತೆಂದು ತಾಯಿ ಹಿಂದಕ್ಕೆ ಓಡುತ್ತದೆ. ಗೊಣಗಿ ಗೊಣಗುತ್ತ ಮರಿಯ ಮೂಗಿಗೆ ಮೂಗು ಹಚ್ಚಿಕೊಂಡು ಹಿಂದೆ ಬಂತು, ಅದರ ದೊಡ್ಡ ಮಗ ಅದರ ಹಿಂದೆ, ಆಮೇಲೆ ಕಡ್ಡಿ, ಆಮೇಲೆ ನೀಲಿಯವೂ ಬರಿಬೆನ್ನಿನವೂ ಬೆರೆತು ಎಲ್ಲವೂ. ಬರಿಬೆನ್ನಿನವು ಈಯುವುದು ಇನ್ನೂ ಬಾಕಿ. ಹೊಟ್ಟೆಗಳು ಅತ್ತಿತ್ತ ತೂಗುತ್ತಿದ್ದವು.

ಡಾಂಬರು ರಸ್ತೆಯಂಚಿಗೆ ಬಂದು ಹಿಂಡು ನಿಂತಿತು. ಸೊಸೆಯ ಬೆನ್ನು ನೋಯುತ್ತಿತ್ತು. ಪಕ್ಕದಲ್ಲೇ ನಿಂತ ಕುರಿಯ ಉಸಿರು ಕೆನ್ನೆಗೆ ಬಡಿಯಿತು, ತಿರುಗಿ ಮೂಸಿದಳು. ಹುಲ್ಲು. ಅದರಾಚೆಯದ್ದನ್ನೂ ಮೂಸಲು ಕತ್ತು ಚಾಚಿದಳು, ಸಿಗಲಿಲ್ಲ. ಹಿಂದೆ, ದೂರದಲ್ಲಿ, ಊರುಗೋಲಿನಿಂದ ಏನನ್ನೋ ಟಣ್ ಟಣ್ ಎಂದು ಬಡಿಯುವ ಸದ್ದು. ಅತ್ತೆಗೆ ಏನೋ ಹೇಳಲಿಕ್ಕಿದೆ, ಈ ದೂರಕ್ಕೆ ಕೇಳಿಸದು. ಸೊಸೆ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ನಂಬಿಕೆ ಸಾಲದೆ ಇನ್ನೊಂದು ಸಲ ಎಡಕ್ಕೆ ನೋಡಿ, ಮರಿಯನ್ನು ಕೆಳಗೇ ಹಿಡಿದು ರಸ್ತೆಗೆ ಕಾಲಿಟ್ಟಳು.